ಎಂಟನೆಯ ರಸ್ತೆಯ ಸೇತುವೆ

ಊರಿನಿಂದ ಆಶ್ರಮಕ್ಕೆ ಮರಳಿದ ಮೇಲೆ ಶಿಷ್ಯ ಪಂಪಾಪತಿ ಮೂರು ದಿನ ಪ್ರಾರ್ಥನೆಗೆ ಬರಲಿಲ್ಲ.

ನಾಲ್ಕನೆಯ ದಿನ, ಊಟವಾದ ಮೇಲೆ, ತಾನಾಗಿಯೇ ಗುರುಗಳ ಬಳಿಗೆ ಬಂದ. ಮರುಳಯ್ಯನವರು ಆಶ್ರಮದ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. ಎದುರಿಗೆ ತುಂಗಭದ್ರೆ. ಬೇಸಿಗೆಯಾದ್ದರಿಂದ ನೀರಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತಿದ್ದವು.

"ಅಜ್ಜಾರೆ, ನನಗೊಂದು ಶಿಕ್ಷೆ ಕೊಡಬೇಕು."

"ಕೂತ್ಕೋ. ಬೀಜ ಬಿಡಿಸು."

ಪಂಪಾಪತಿ ಕುಳಿತ. ಹಣ್ಣು ಕೈಗೆತ್ತಿಕೊಳ್ಳಲಿಲ್ಲ.

"ಒಂಬತ್ತು ದಿನ ಉಪವಾಸ ಇರಲೇ?"

"ಯಾರ ಸಲುವಾಗಿ?"

"ವೇಣಿ ಸಲುವಾಗಿ."

ನಾಗವೇಣಿ ಅವನ ತಂಗಿ. ತೀರಿಕೊಂಡು ವರ್ಷವಾಗಿತ್ತು. ವರ್ಷದ ಕಾರ್ಯಕ್ಕೆಂದೇ ಅವನು ಊರಿಗೆ ಹೋಗಿದ್ದ. ಅದು ಗುರುಗಳಿಗೆ ಗೊತ್ತಿತ್ತು.

"ನೀನು ಹಸಿದರೆ ಅವಳಿಗೇನು ಸಿಗುತ್ತದೆ?"



"ಹಾಗಾದರೆ ಮೌನ. ಎಷ್ಟು ದಿನ ಅಂತೀರೋ ಅಷ್ಟು ದಿನ."

"ಮೌನದ ಮಾತು ಆಮೇಲೆ. ಏನು ಮಾಡಿದೆ ಅದನ್ನು ಹೇಳು."

ಅವನು ಹೇಳಿದ.

ಅವನಿಗೆ ಹನ್ನೆರಡು, ವೇಣಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಹೊಸಪೇಟೆಯಿಂದ ಒಂದು ವಿಡಿಯೋ ಗೇಮ್ ತಂದಿದ್ದರು. ಟೀವಿಗೆ ವೈರು ಸಿಕ್ಕಿಸಿ ಆಡುವಂಥದ್ದು. ಜೊತೆಗೆ ಇದ್ದದ್ದು ಒಂದೇ ಕ್ಯಾಸೆಟ್, ಕಾರ್ ರೇಸಿನದು. ಅದರಲ್ಲಿ ಎಂಟು ರಸ್ತೆಗಳು. ಓಣಿಯ ಹುಡುಗರಲ್ಲಿ ಯಾರೂ ಆರನೆಯದನ್ನು ದಾಟಿರಲಿಲ್ಲ.

ಬೇಸಿಗೆ ರಜೆಯ ಒಂದು ಬೆಳಿಗ್ಗೆ ಪಂಪಾಪತಿ ಎಂಟನೆಯ ರಸ್ತೆ ಮುಟ್ಟಿದ. ಓಣಿಯ ಹುಡುಗರೆಲ್ಲ ಬಂದು ಸುತ್ತ ಕುಳಿತರು. ವೇಣಿಗೆ ಜಾಗ ಸಿಕ್ಕಿದ್ದು ಟೀವಿಯ ಪಕ್ಕ, ವೈರಿನ ಹತ್ತಿರ.

"ಸೇತುವೆಯ ಮೇಲೆ ಹೋಗುತ್ತಿದ್ದಾಗ ಚಿತ್ರ ನಿಂತುಬಿಟ್ಟಿತು, ಅಜ್ಜಾರೆ. ಹಾಡು ಹೋಗಿ ಒಂದೇ ಸ್ವರ ಕೂಗತೊಡಗಿತು. ವೇಣಿ ವೈರು ಎಳೆದಳು ಅಂದೆ."

"ಎಳೆದದ್ದನ್ನು ನೋಡಿದೆಯಾ?"

"ಇಲ್ಲ. ಬೆಳಗಿನಿಂದ ನನಗೊಂದ್ಸಲ ಕೊಡು ಅಂತ ಕೇಳುತ್ತಲೇ ಇದ್ದಳು. ನಾನು ಕೊಟ್ಟಿರಲಿಲ್ಲ. ಆ ಸಿಟ್ಟಿಗೆ ಎಳೆದಳು ಅಂದುಕೊಂಡೆ."

"ಅವಳೇನು ಅಂದಳು?"

"ನಾನು ಮುಟ್ಟಿಲ್ಲ ಅಣ್ಣ, ಅಂದಳು."

"ಆಮೇಲೆ?"

"ಅವಳ ಜೊತೆ ಮಾತು ಬಿಟ್ಟೆ."

"ಎಷ್ಟು ದಿನ?"

"ಶಾಲೆ ತೆರೆಯುವವರೆಗೆ. ನಲವತ್ತು ದಿನ ಆಗಿರಬಹುದು."

ಮರುಳಯ್ಯನವರು ಒಂದು ಬೀಜವನ್ನು ಬುಟ್ಟಿಗೆ ಹಾಕಿದರು.

"ಹಾಗಾದರೆ ಮೌನ ಮಾಡಿ ಮುಗಿಸಿದ್ದೀಯ. ಮುಂದೆ ಹೇಳು."

ವರ್ಷದ ಕಾರ್ಯದ ದಿನ ವೇಣಿಯ ಗಂಡ ಅವಳ ಟ್ರಂಕನ್ನು ತವರಿಗೆ ತಂದುಕೊಟ್ಟಿದ್ದ. ನಾಲ್ಕು ಸೀರೆ, ಶಾಲೆಯ ಒಂದು ಫೋಟೋ. ಅವುಗಳ ಕೆಳಗೆ, ಹಳೆಯ ಟವೆಲಿನಲ್ಲಿ ಸುತ್ತಿದ ವಿಡಿಯೋ ಗೇಮ್. ಅದು ಎಂದೋ ಗುಜರಿಗೆ ಹೋಯಿತೆಂದು ಮನೆಯವರೆಲ್ಲ ತಿಳಿದಿದ್ದರು. ಪಂಪಾಪತಿ ಯಾರಿಗೂ ಹೇಳದೆ ಚೀಲದಲ್ಲಿ ಹಾಕಿಕೊಂಡು ಬಂದ. ಭಕ್ತರೊಬ್ಬರು ಕೊಟ್ಟಿದ್ದ ಹಳೆಯ ಡಬ್ಬಿ ಟೀವಿ ಆಶ್ರಮದ ಪುಸ್ತಕದ ಕೋಣೆಯಲ್ಲಿತ್ತು. ಮೂರು ದಿನ ಅದರ ಮುಂದೆ ಕುಳಿತಿದ್ದ.

"ಆಟ ಹೇಗಿತ್ತು?"

"ಚೆನ್ನಾಗಿಲ್ಲ, ಅಜ್ಜಾರೆ. ಅಷ್ಟು ದೊಡ್ಡದಾಗಿ ನೆನಪಿತ್ತು. ರಸ್ತೆ ಅಂದರೆ ಬೂದು ಬಣ್ಣದ ಒಂದು ಪಟ್ಟಿ. ಎಲ್ಲ ಮರಗಳೂ ಒಂದೇ ಮರ. ಎಡಕ್ಕೆ ಒತ್ತಿದರೆ ಕಾರು ತಡವಾಗಿ ತಿರುಗುತ್ತದೆ. ಇದಕ್ಕಾಗಿ ಅಷ್ಟೆಲ್ಲ ಮಾಡಿದೆನೇ ಅನಿಸಿತು."

"ಎಂಟನೆಯ ರಸ್ತೆ?"

ಪಂಪಾಪತಿ ನದಿಯ ಕಡೆ ನೋಡಿದ.

"ಸೇತುವೆಯ ಮೇಲೆ ನಿಂತಿತು. ಅಲ್ಲೇ. ಕ್ಯಾಸೆಟ್ ಒರೆಸಿ ಹಾಕಿದೆ. ಪೇಟೆಗೆ ಹೋಗಿ ಹೊಸ ವೈರು ತಂದೆ. ಒಂಬತ್ತು ಸಲ ಆಡಿದೆ. ಒಂಬತ್ತು ಸಲವೂ ಅಲ್ಲೇ ನಿಂತಿತು. ಆಟ ಮಾಡಿದವರೇ ತಪ್ಪು ಮಾಡಿದ್ದಾರೆ. ಆ ಸೇತುವೆ ದಾಟುವುದು ಯಾರಿಂದಲೂ ಆಗುವುದಿಲ್ಲ."

"ಇದಕ್ಕೆ ಶಿಕ್ಷೆ ಯಾಕೆ? ಹನ್ನೆರಡು ವರ್ಷದ ಹುಡುಗ ತಪ್ಪು ತಿಳಿದ."

"ಇಷ್ಟೇ ಅಲ್ಲ."

"ಹೇಳು."

"ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳ ಹತ್ತಿರ ಕೂತಿದ್ದೆ. ಇದ್ದಕ್ಕಿದ್ದಂತೆ, ಅಣ್ಣ, ಆವತ್ತು ನಾನು ವೈರು ಮುಟ್ಟಿರಲಿಲ್ಲ, ಅಂದಳು. ಕ್ಯಾಸೆಟ್ ನನ್ನ ಹತ್ತಿರವೇ ಇದೆ, ಒಂದ್ಸಲ ಆಡಿ ನೋಡು, ಅಂದಳು."

ಅವನು ಒಂದು ಹಣ್ಣು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ.

"ನಾನು ನಕ್ಕೆ. ಅವಳ ತಲೆ ಸವರಿದೆ. ಅದನ್ನು ನಾನು ಎಂದೋ ಕ್ಷಮಿಸಿದ್ದೀನಿ ಬಿಡು ವೇಣಿ, ಅಂದೆ."

"ಅವಳು?"

"ಗೋಡೆಯ ಕಡೆ ತಿರುಗಿ ಮಲಗಿದಳು."

ನದಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಂಡೆಗೆ ಬಟ್ಟೆ ಬಡಿಯುವ ಸದ್ದು ಕೇಳಿಸುತ್ತಿತ್ತು.

ಮರುಳಯ್ಯನವರು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಎದ್ದರು.

"ನಡಿ. ಆ ಆಟ ತೋರಿಸು."

ಪುಸ್ತಕದ ಕೋಣೆಯಲ್ಲಿ ಪಂಪಾಪತಿ ಟೀವಿ ಹಚ್ಚಿದ. ಮೊದಲು ಮರುಳಯ್ಯನವರೇ ಆಡಿದರು. ಕಾರು ನೇರವಾಗಿ ಹೋಗಿ ಮರಕ್ಕೆ ಗುದ್ದಿತು. ಮತ್ತೆ ಹೊರಟು ಅಂಥದ್ದೇ ಇನ್ನೊಂದು ಮರಕ್ಕೆ ಗುದ್ದಿತು.

"ಮರ ಮುರಿಯಲಿಲ್ಲವಲ್ಲ."

"ಅದು ಮುರಿಯೋದಿಲ್ಲ, ಅಜ್ಜಾರೆ."

"ಕಾರಿಗೂ ಏನೂ ಆಗಲಿಲ್ಲ."

"ಇಲ್ಲ."

"ಒಳಗಿರುವವನಿಗೆ?"

"ಒಳಗೆ ಯಾರೂ ಇಲ್ಲ."

"ಪುಣ್ಯವಂತ," ಎಂದರು ಮರುಳಯ್ಯನವರು. "ನನ್ನ ಕೈಗೆ ಇದು ಬಗ್ಗೋದಿಲ್ಲ. ನೀನು ಆಡು."

ಪಂಪಾಪತಿ ಆಡತೊಡಗಿದ. ಮರುಳಯ್ಯನವರು ಟೀವಿಯ ಪಕ್ಕಕ್ಕೆ ಹೋಗಿ, ವೈರು ಬಿದ್ದಿದ್ದ ಕಡೆ ಕಾಲು ಮಡಚಿ ಕುಳಿತರು.

ಒಂದನೆಯ ರಸ್ತೆ ಮುಗಿಯಿತು. ಎರಡನೆಯದು, ಮೂರನೆಯದು. ಅವನ ಬೆರಳುಗಳಿಗೆ ಎಲ್ಲ ತಿರುವೂ ಗೊತ್ತಿತ್ತು. ಆರನೆಯ ರಸ್ತೆಯಲ್ಲಿ ಮುಂದಕ್ಕೆ ಬಾಗಿದ. ಏಳನೆಯದರಲ್ಲಿ ಉಸಿರು ಬಿಗಿಹಿಡಿದ.

ಎಂಟನೆಯ ರಸ್ತೆ ಬಂತು. ಸೇತುವೆ ಬಂತು.

ಚಿತ್ರ ನಿಂತಿತು. ಒಂದೇ ಸ್ವರ ಕೂಗತೊಡಗಿತು.

ಪಂಪಾಪತಿಯ ತಲೆ ಥಟ್ಟನೆ ಪಕ್ಕಕ್ಕೆ ತಿರುಗಿತು.

ಮರುಳಯ್ಯನವರು ಅವನನ್ನೇ ನೋಡುತ್ತಿದ್ದರು. ಅವರ ಎರಡೂ ಕೈ ಅವರ ಮೊಣಕಾಲುಗಳ ಮೇಲಿದ್ದವು.

"ಏನು ನೋಡಿದೆ?"

"ಏನಿಲ್ಲ, ಅಜ್ಜಾರೆ."

"ಹೇಳು."



"ನಿಮ್ಮ ಕೈ ನೋಡಿದೆ."

"ಆಟ ಇಲ್ಲಿ ನಿಲ್ಲುತ್ತದೆ ಅಂತ ನಿನಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

"ಒಂಬತ್ತು ಸಲ ಕಂಡಿದ್ದೆ."

"ಹೌದು."

"ಆದರೂ ಕೈ ಹುಡುಕಿದೆ."

ಸ್ವರ ಕೂಗುತ್ತಲೇ ಇತ್ತು. ಅದನ್ನು ಆರಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

"ಒಂಬತ್ತು ಸಲ ಕಂಡವನ ಕಥೆ ಇದು," ಎಂದರು ಮರುಳಯ್ಯನವರು. "ಒಮ್ಮೆಯೂ ಕಾಣದವರು ನಿಮ್ಮ ಮನೆಯಲ್ಲಿ ಎಷ್ಟು ಜನ?"

"ಎಲ್ಲರೂ. ಅವ್ವ, ಚಿಕ್ಕಪ್ಪ, ಅವರ ಮಕ್ಕಳು. ಓಣಿಯವರು ಕೂಡ. ನಮ್ಮಲ್ಲಿ ಅದೊಂದು ಗಾದೆಯಂತೆ ಆಗಿಬಿಟ್ಟಿದೆ, ಅಜ್ಜಾರೆ. ಹಾಲು ಒಡೆದರೆ ವೇಣಿ ಕೈ ತಗುಲಿತು ಅನ್ನುತ್ತಾರೆ. ಮಿಕ್ಸಿ ಕೆಟ್ಟರೆ ವೇಣಿ ಕೈ. ಕರೆಂಟು ಹೋದರೂ ವೇಣಿ ಕೈ. ಬರುಬರುತ್ತ ಅವಳೂ ನಗುತ್ತಿದ್ದಳು."

"ಮೊದಲು ಅಂದವರು ಯಾರು?"

"ನಾನು."

"ಈಗ ವೇಣಿ ಇಲ್ಲ. ಈಗ ಹಾಲು ಒಡೆದರೆ?"

ಪಂಪಾಪತಿ ತಲೆ ತಗ್ಗಿಸಿದ.

"ವೇಣಿಗೊಂದು ಮಗಳಿದ್ದಾಳೆ. ಅಮೃತಾ. ಏಳು ವರ್ಷ. ನಮ್ಮ ಅವ್ವನ ಹತ್ತಿರ ಬಿಟ್ಟಿದ್ದಾರೆ. ಮೊನ್ನೆ ಕಾರ್ಯದ ದಿನ ಪಾಯಸ ತಳ ಹಿಡಿಯಿತು. ಮಗು ಒಲೆಯ ಹತ್ತಿರ ನಿಂತಿತ್ತು. ನೋಡ್ರೀ, ವೇಣಿ ಕೈ ಮಗಳಿಗೂ ಬಂದೈತಿ, ಅಂದಳು ಅವ್ವ. ಎಲ್ಲರೂ ನಕ್ಕರು."

"ನೀನು?"

"ನಾನೂ ನಕ್ಕೆ."

"ಮಗು?"

"ನಾನು ಮುಟ್ಟಿಲ್ಲ ಮಾಮ, ಅಂತ ನನ್ನ ಮುಖ ನೋಡಿತು."

ಮರುಳಯ್ಯನವರು ಕೈ ಚಾಚಿ ಟೀವಿ ಆರಿಸಿದರು.

ಕೋಣೆ ಮಬ್ಬಾಯಿತು. ಪಂಪಾಪತಿಯ ಹೆಗಲು ಅಲುಗುತ್ತಿತ್ತು. ಮರುಳಯ್ಯನವರು ಅವನನ್ನು ಸಮಾಧಾನ ಮಾಡಲಿಲ್ಲ. ಅವನು ತಾನಾಗಿ ಮುಖ ಒರೆಸಿಕೊಳ್ಳುವವರೆಗೆ ಕುಳಿತಲ್ಲೇ ಇದ್ದರು.

"ಅಜ್ಜಾರೆ, ನಾನು ಹೋಗಿ ಅವ್ವನ ಮುಂದೆ, ಮಗುವಿನ ಮುಂದೆ, ಎಲ್ಲರ ಮುಂದೆ ನಡೆದದ್ದನ್ನು ಹೇಳಿದರೆ, ವೇಣಿ ನನ್ನನ್ನು ಕ್ಷಮಿಸುತ್ತಾಳೆಯೇ?"

"ಇಲ್ಲ," ಎಂದರು ಮರುಳಯ್ಯನವರು. "ನಿಮ್ಮೂರಿಗೆ ನಾಲ್ಕು ಗಂಟೆಗೆ ಒಂದು ಬಸ್ಸಿದೆ."