ಹೊನ್ನಾಜಿಯ ಹುರುಳಿ ಕುಡಿಕೆ

ಮಳೆಗಳಿಗೆ ಇನ್ನೂ ಕಾಲಿದ್ದ ಕಾಲವಂತೆ ಅದು. ಒಂದೊಂದು ಮಳೆಯೂ ಹೆಣ್ಣಿನ ರೂಪದಲ್ಲಿ ನಡೆದುಕೊಂಡೇ ಊರಿಗೆ ಬರುತ್ತಿತ್ತಂತೆ, ಬಾಗಿಲಲ್ಲಿ ನಿಂತು ತನ್ನ ಹೆಸರು ಹೇಳುತ್ತಿತ್ತಂತೆ. ಆ ಕಾಲದಲ್ಲಿ ಕಲ್ಲುಮಂಟಿ ಅಂತ ಒಂದು ಊರು. ಆ ಊರಿಗೆ ಒಬ್ಬ ದೊರೆ. ಏಳು ಹಳ್ಳಿಯ ಸಣ್ಣ ದೊರೆ. ಅರಮನೆ ಅಂದರೆ ಮಣ್ಣಿನ ಮಾಳಿಗೆ ಮನೆ, ಆನೆ ಅಂದರೆ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಆನೆ. ಆದರೂ ದೊರೆ ದೊರೆಯೇ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಯುಗಾದಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ ದೊರೆ ತನ್ನ ಹೊಲದಲ್ಲಿ ಮೊದಲ ಸಾಲು ಉಳಬೇಕು. ಅದಕ್ಕೆ ಹೊನ್ನಾರು ಅನ್ನುತ್ತಾರೆ. ದೊರೆಯ ಹೊನ್ನಾರು ಆದ ಮೇಲೆಯೇ ಏಳು ಹಳ್ಳಿಯಲ್ಲೂ ನೇಗಿಲು ಹೊರಗೆ ಬರಬೇಕು. ಅದಕ್ಕೆ ಮುಂಚೆ ಯಾರಾದರೂ ಮಣ್ಣು ಕೆದಕಿದರೆ ಭೂಮಿತಾಯಿ ಮುನಿಯುತ್ತಾಳೆ ಅಂತ ನಂಬಿಕೆ.

ದೊರೆಗೆ ಒಬ್ಬಳೇ ಮಗಳು, ಹೊನ್ನಾಜಿ. ತಾಯಿಯಿಲ್ಲದ ಹುಡುಗಿ. ಹೊನ್ನಾರಿನ ದಿನ ಅಪ್ಪ ಮುಂದೆ ನೇಗಿಲು ಹಿಡಿದರೆ ಅವಳು ಮಡಿಲಲ್ಲಿ ಬೀಜ ಕಟ್ಟಿಕೊಂಡು, ಸಾಲಿಗೆ ಬಿಡುತ್ತ ಹಿಂದೆ ಬರುತ್ತಿದ್ದಳು. ಅವನ ಕಾಲು ಚುರುಕು, ಅವಳದು ಪುಟ್ಟ ಕಾಲು.

"ಮೆಲ್ಲಗೆ ಅಪ್ಪಾ," ಅನ್ನುತ್ತಿದ್ದಳಂತೆ. "ನಿನ್ನ ಎತ್ತು ಓಡಿಹೋಗ್ತವೆ, ನನ್ನ ಬೀಜ ಹಿಂದೆ ಉಳೀತವೆ."

ಒಂದು ವರ್ಷ ಯುಗಾದಿ ಇನ್ನೇನು ಬಂತು ಅನ್ನುವಾಗ ಹೊನ್ನಾಜಿಗೆ ಜ್ವರ ಬಂತು. ಕಷಾಯ ಕುಡಿಸಿದರು, ಹರಕೆ ಕಟ್ಟಿದರು. ಜ್ವರ ಇಳಿಯಲಿಲ್ಲ. ಬೇವು ಚಿಗುರುವ ಹೊತ್ತಿಗೆ ಹುಡುಗಿ ಹೋಗಿಬಿಟ್ಟಳು.

ಸೂತಕ ಕಳೆಯಿತು. ದೊರೆ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ. ಕೋಣೆಯ ಗೂಡಿನಲ್ಲಿ ಮಗಳ ಹಸಿರು ಲಂಗ ಇತ್ತು. ಅದರ ಪಕ್ಕದಲ್ಲಿ ಒಂದು ಮಣ್ಣಿನ ಕುಡಿಕೆ. ಕುಡಿಕೆಯ ಬಾಯನ್ನು ಅವಳೇ ಕೆಮ್ಮಣ್ಣು ಮೆತ್ತಿ ಮುಚ್ಚಿದ್ದಳು. ಒಣಗಿದ ಮಣ್ಣಿನ ಮೇಲೆ ಅವಳ ಬೆರಳ ಗುರುತು ಹಾಗೇ ಇತ್ತು. ದೊರೆ ದಿನವೂ ಆ ಗುರುತುಗಳ ಮೇಲೆ ತನ್ನ ಬೆರಳು ಇಟ್ಟು ನೋಡುವನು. ಅವನ ಬೆರಳು ದಪ್ಪ, ಒಂದೂ ಒಳಗೆ ಕೂರುತ್ತಿರಲಿಲ್ಲ. ಕುಡಿಕೆಯಲ್ಲಿ ಏನಿದೆಯೋ ಅವನಿಗೆ ಗೊತ್ತಿರಲಿಲ್ಲ. ತೆಗೆದರೆ ಆ ಬೆರಳುಗಳೂ ಹೋಗಿಬಿಡುತ್ತವೆ ಅನ್ನುವುದಷ್ಟೇ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಗುಡುಗಿತಂತೆ. ಕಿಟಕಿಯ ಹೊರಗೆ ಒಬ್ಬ ಎಳೆಯ ಹುಡುಗಿ ಬಂದು ನಿಂತಳಂತೆ. ಕೂದಲೆಲ್ಲ ಧೂಳು, ಹಣೆಯ ಮೇಲೆ ಮೊದಲ ಹನಿ.

"ದೊರೆಯೇ, ದೊರೆಯೇ, ನಾನು ಭರಣಿ. ನನ್ನ ಬೀಜ ಎಲ್ಲಿ?"

"ಯಾವ ಬೀಜ, ತಾಯಿ?"

"ಎಳ್ಳು. ಮರಳಿನ ಜೊತೆ ಬೆರೆಸಿ ತೆಳ್ಳಗೆ ಚೆಲ್ಲಬೇಕು. ಬುಡದ ಕಾಯಿ ಹಳದಿಗೆ ತಿರುಗಿದಾಗ ಕೊಯ್ಯಬೇಕು. ತುದಿಯದೂ ಬಲಿಯಲಿ ಅಂತ ಕಾದರೆ ಬುಡದ್ದು ಬಾಯಿಬಿಟ್ಟು ಮಣ್ಣುಪಾಲಾಗುತ್ತದೆ."

"ಸ್ವಲ್ಪ ಇರು ತಾಯಿ. ನನ್ನ ಸಂಕಟ ಮುಗಿಯಲಿ."

"ನಾನು ಇರುವವಳಲ್ಲ, ದೊರೆಯೇ," ಅಂದಳು ಭರಣಿ. ಹೊರಟೇಹೋದಳು.

ಆಮೇಲೆ ರೋಹಿಣಿ ಬಂದಳಂತೆ. ತುಂಬಿದ ಮೈಯ ಹೆಂಗಸು, ನಡೆದರೆ ನೆಲ ತೊಯ್ಯುತ್ತಿತ್ತು.

"ದೊರೆಯೇ, ದೊರೆಯೇ, ನಾನು ರೋಹಿಣಿ. ನನ್ನ ಬೀಜ ಎಲ್ಲಿ?"

"ಯಾವ ಬೀಜ, ತಾಯಿ?"

"ಜೋಳ. ಎರಡು ಬೆರಳು ಆಳಕ್ಕೆ ಬೀಳಬೇಕು. ನಡುನಡುವೆ ಒಂದು ಸಾಲು ತೊಗರಿ. ಕಾಳು ಹಲ್ಲಿಗೆ ಕಟುಕ್ ಅಂದಾಗ ಜೋಳ ಕೊಯ್ದುಕೊಳ್ಳಿ. ತೊಗರಿ ಅಲ್ಲೇ ನಿಂತಿರಲಿ, ಅದಕ್ಕೆ ಆತುರವಿಲ್ಲ."

"ಸ್ವಲ್ಪ ಇರು ತಾಯಿ. ನನ್ನ ಸಂಕಟ ಮುಗಿಯಲಿ."

"ನಾನು ಇರುವವಳಲ್ಲ, ದೊರೆಯೇ." ಅವಳೂ ಹೋದಳು.

ಆಮೇಲೆ ಆರಿದ್ರೆ ಬಂದಳು. ಮಾತು ಮೆತ್ತಗೆ, ಕಣ್ಣಲ್ಲಿ ತಾಯಿಯ ಕಳೆ. ಅವಳು ಕೇಳಿದ್ದು ರಾಗಿ.

"ಉಗುರು ಮುಚ್ಚುವಷ್ಟೇ ಮಣ್ಣು ಸಾಕು, ಹೆಚ್ಚು ಹೂತರೆ ಕೂಸು ಮೇಲೆ ಬರಲಾರದು. ಮೊಳೆತ ಮೇಲೆ ಕುಂಟೆ ಹೊಡೆದು ತೆಳುವು ಮಾಡಬೇಕು. ಒತ್ತಾಗಿ ನಿಂತ ಪೈರು ತೆನೆ ಕಟ್ಟುವುದಿಲ್ಲ."

ಆರಿದ್ರೆಯ ಮಾತಿಗೆ ದೊರೆ ಎದ್ದನಂತೆ. ಬಾಗಿಲವರೆಗೂ ಬಂದನಂತೆ. ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಹಿಂದೆ ತಿರುಗಿ ನೋಡಿದ. ಗೂಡಿನಲ್ಲಿ ಹಸಿರು ಲಂಗ. ಬೀಜ ಬಿಡುವವಳು ಯಾರು ಅನ್ನಿಸಿತು. ಮತ್ತೆ ಹೋಗಿ ಕೂತ. ಆರಿದ್ರೆ ಬಹಳ ಹೊತ್ತು ಕಾದಳು, ಆಮೇಲೆ ಅವಳೂ ಹೋದಳು. ಅವಳ ಹಿಂದೆ ಬಂದ ತಂಗಿಯರು ಬಾಗಿಲು ತಟ್ಟಲೂ ಇಲ್ಲ, ಊರ ಮೇಲೆ ಹಾದು ಹಾಗೇ ಹೋದರು.

ದಿನ ಹೋದ ಹಾಗೆ ದೊರೆಯ ತಟ್ಟೆಗೆ ಬರುವ ಮುದ್ದೆ ಚಿಕ್ಕದಾಯಿತು. ಆಮೇಲೆ ಬರೀ ಸೊಪ್ಪು ಬಂತು. ದೊರೆ ಅದನ್ನು ಗಮನಿಸಲಿಲ್ಲ. ಒಂದು ದಿನ ಅಡಿಗೆಯವನ ಬದಲು ಮುದುಕಿ ಸಣ್ಣೀರವ್ವ ಗಂಜಿ ಹಿಡಿದು ಬಂದಳು. ಈ ಸಣ್ಣೀರವ್ವ ಊರಿಗೆಲ್ಲ ಬಿತ್ತನೆ ಬೀಜ ಕಾಪಿಡುವವಳು. ಹೊನ್ನಾಜಿಯನ್ನು ಎತ್ತಿ ಆಡಿಸಿದವಳೂ ಅವಳೇ.

ದೊರೆ ಒಂದು ಗುಟುಕು ಕುಡಿದ. ಮುಖ ಕಿವಿಚಿದ.

"ಇದೇನು ಸಣ್ಣೀರವ್ವ, ಗಂಜಿ ಕಹಿ?"

"ಬೇವು, ಬುದ್ಧಿ."

"ಗಂಜಿಗೆ ಬೇವು ಯಾಕೆ ಹಾಕಿದೆ?"

"ನಾನು ಹಾಕಿದ್ದು ಗಂಜಿಗಲ್ಲ, ಬೀಜಕ್ಕೆ. ಹುಳ ಬೀಳದಿರಲಿ ಅಂತ ಬೇವಿನ ಸೊಪ್ಪಿನ ಜೊತೆ ಮಣ್ಣಿನ ದೊಡ್ಡ ವಾಡೆಗೆ ತುಂಬಿದ್ದೆ. ಅದು ಬಿತ್ತನೆ ರಾಗಿ ಬುದ್ಧಿ. ಊರೆಲ್ಲ ಈಗ ಅದನ್ನೇ ಉಣ್ತಾ ಇರೋದು."

ದೊರೆ ಬಟ್ಟಲು ಕೆಳಗಿಟ್ಟ. "ಬಿತ್ತನೆ ಬೀಜ ತಿನ್ನುತ್ತಿದ್ದಾರೆಯೇ? ಮುಂಗಾರಿನ ಎಳ್ಳು ಏನಾಯಿತು? ಜೋಳ?"

"ಬಿತ್ತಿದ್ದರಲ್ಲವೇ ಏನಾದರೂ ಆಗೋದು?"

"ಯಾಕೆ ಬಿತ್ತಲಿಲ್ಲ? ನಾನು ಬೇಡ ಅಂದೆನೇ?"

"ಬೇಡ ಅನ್ನಲಿಲ್ಲ ಬುದ್ಧಿ. ಬನ್ನಿ ಅನ್ನಲೂ ಇಲ್ಲ. ಹೊನ್ನಾರು ಆಗದೆ ನೇಗಿಲು ಮುಟ್ಟೋರು ಯಾರು? ಊರ ಹಿರಿಯರು ಕುಳ್ಳೇಗೌಡರು ಬಾಗಿಲ ತನಕ ಎಷ್ಟು ಸಲ ಬಂದರು! ಪ್ರತಿ ಸಲ ಕೆಮ್ಮಿ ಹಿಂದೆ ಹೋದರು. ಜಗಲಿ ಮೇಲೆ ಕೂತ ಹುಡುಗರು ಏನಂತಾರೆ ಗೊತ್ತೇ? ದೊರೆ ಕಣ್ಣೀರಿಗೆ ಮೊಳೆಯೋ ಬೀಜ ಇದ್ದರೆ ಕೊಡಜ್ಜಿ, ಅದನ್ನೇ ಬಿತ್ತುತೀವಿ ಅಂತಾರೆ."

ದೊರೆ ತಲೆ ತಗ್ಗಿಸಿದ. ಸಂಕಟದಲ್ಲಿ ಕಟ್ಟಳೆ ಮರೆತು, ತನ್ನೊಬ್ಬನ ಹೊಲ ಮಾತ್ರ ಪಾಳು ಬಿದ್ದಿದೆ ಅಂದುಕೊಂಡಿದ್ದ. ಏಳು ಹಳ್ಳಿಯ ಹೊಲ ತನ್ನ ಜೊತೆ ಕೂತು ಅಳುತ್ತಿದೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ.

ಅಷ್ಟು ಹೊತ್ತಿಗೆ ಹೊರಗೆ ಮೋಡ ಕವಿಯಿತು. ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಮುದುಕಿ ಕೋಲೂರಿಕೊಂಡು ಬಾಗಿಲಲ್ಲಿ ನಿಂತಳಂತೆ.

"ದೊರೆಯೇ, ದೊರೆಯೇ, ನಾನು ಹುಬ್ಬೆ. ನನ್ನ ಬೀಜ ಎಲ್ಲಿ?"

ದೊರೆ ಬೇಗ ಎದ್ದು ಬಂದ. "ರಾಗಿ ಬಿತ್ತಬಹುದೇ ತಾಯಿ?"

"ರಾಗಿಯ ಕಾಲ ಹೋಯಿತು. ಜೋಳದ ಕಾಲ ಅದಕ್ಕೂ ಮುಂಚೆ ಹೋಯಿತು. ನಾನು ಕೊನೆಕೊನೆಗೆ ಬರುವವಳು, ನನಗೆ ಒಗ್ಗುವುದು ಹುರುಳಿ ಒಂದೇ. ಕಲ್ಲುನೆಲವಾದರೂ ಆದೀತು, ಮಳೆ ಕಮ್ಮಿಯಾದರೂ ಆದೀತು, ಇಬ್ಬನಿ ಕುಡಿದು ಬದುಕುತ್ತದೆ. ನನ್ನ ಹಿಂದೆ ಉತ್ತರೆ ಬರುತ್ತಾಳೆ. ಅವಳೂ ಹೋದ ಮೇಲೆ ಯಾವ ಬೀಜ ಹಾಕಿದರೂ ಮಣ್ಣಿಗೆ ಮಣ್ಣು."

"ಊರಲ್ಲಿ ಹುರುಳಿ ಇದೆಯೇ ಸಣ್ಣೀರವ್ವ?"

"ದನಕ್ಕೆ ಅಂತ ಇಟ್ಟಿದ್ದನ್ನೂ ಜನ ತಿಂದರು. ಇದ್ದರೂ ಯಾರೂ ಬಾಯಿಬಿಡೋಲ್ಲ." ಸಣ್ಣೀರವ್ವ ಗೂಡಿನ ಕಡೆ ನೋಡಿದಳು. "ಒಂದು ಕಡೆ ಮಾತ್ರ ಇದೆ."

ದೊರೆಗೆ ಅರ್ಥವಾಯಿತು. ಕುಡಿಕೆಗೆ ಅಡ್ಡವಾಗಿ ನಿಂತುಕೊಂಡ.

"ಹೋದ ವರ್ಷ ನಾನು ವಾಡೆಯ ಬಾಯಿ ಮೆತ್ತುವಾಗ ಹೊನ್ನಾಜಿ ಪಕ್ಕದಲ್ಲೇ ಕೂತಿದ್ದಳು," ಅಂದಳು ಸಣ್ಣೀರವ್ವ. "ನನಗೂ ಒಂದು ಬೀಜ ಕೊಡಜ್ಜಿ ಅಂದಳು. ಯಾವುದು ಬೇಕವ್ವಾ ಅಂದೆ. ಹುರುಳಿ ಯಾರಿಗೂ ಬೇಡವಲ್ಲ, ಅದೇ ನನಗಿರಲಿ ಅಂದಳು. ಬೂದಿ ಬೆರೆಸಿದ್ದೂ ಅವಳೇ, ಮಣ್ಣು ಮೆತ್ತಿದ್ದೂ ಅವಳೇ. ಅಪ್ಪನಿಗೆ ಹೇಳಬೇಡ, ಬರೋ ವರ್ಷ ನನ್ನದೇ ಒಂದು ಸಾಲು ಬಿತ್ತಿ ತೋರಿಸ್ತೀನಿ ಅಂದಳು."

"ಇದೊಂದನ್ನು ಕೇಳಬೇಡ, ಸಣ್ಣೀರವ್ವ."

"ನಮ್ಮ ಯಜಮಾನರು ಹೋದಾಗ ನಾನೂ ಅವರ ಕಂಬಳೀನ ಮಡಿಸಿ ಇಟ್ಟಿದ್ದೆ ಬುದ್ಧಿ. ಒಗೀಲಿಲ್ಲ, ಹೊದೀಲಿಲ್ಲ, ಚಳೀಲಿ ನಡುಗೋ ಮೊಮ್ಮಗನಿಗೂ ಕೊಡಲಿಲ್ಲ. ಒಂದು ದಿನ ಬಿಚ್ಚಿ ನೋಡ್ತೀನಿ, ನುಸಿ ತಿಂದು ಜಾಳು ಜಾಳು. ಈ ಕುಡಿಕೇನೂ ಅಷ್ಟೇ. ಇನ್ನೊಂದು ಬೇಸಿಗೆ ಕಳೆದರೆ ಹುಳ ಬೀಳುತ್ತೆ. ಆಮೇಲೆ ಮೇಲೆ ಅವಳ ಬೆರಳು, ಒಳಗೆ ಬರೀ ಹಿಟ್ಟು."

ಹೊರಗೆ ಹುಬ್ಬೆ ಕೋಲು ಬದಲಿಸಿಕೊಂಡ ಸದ್ದು ಕೇಳಿಸಿತು. ಅವಳೂ ಹೊರಡುವವಳೇ.

ದೊರೆ ಕುಡಿಕೆಯನ್ನು ಕೈಗೆ ತೆಗೆದುಕೊಂಡ. ಕೊನೆಯ ಸಲ ಆ ಗುರುತುಗಳ ಮೇಲೆ ಬೆರಳಿಟ್ಟ. ಆಮೇಲೆ ಒತ್ತಿದ. ಮಣ್ಣಿನ ಮುಚ್ಚಳ ಬಿರಿಯಿತು. ಒಳಗೆ ಬೂದಿ, ಬೂದಿಯೊಳಗೆ ಹುರುಳಿ. ಒಂದಕ್ಕೂ ಹುಳ ಬಿದ್ದಿರಲಿಲ್ಲ. ಬೀಜವನ್ನು ತನ್ನ ಪಂಚೆಯ ಮಡಿಲಿಗೆ ಸುರಿದುಕೊಂಡ. ಒಡೆದ ಮಣ್ಣಿನ ಚೂರುಗಳನ್ನೂ ಆಯ್ದು ಅದರೊಳಗೇ ಹಾಕಿಕೊಂಡ. ಹೊಸ್ತಿಲು ದಾಟಿದ.

ಕುಳ್ಳೇಗೌಡ ಓಡಿಬಂದು ಎತ್ತು ಹೂಡಿದ. ಎತ್ತುಗಳ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಗೌಡ ನೇಗಿಲ ಮೇಣಿಯನ್ನು ದೊರೆಯ ಕಡೆ ಚಾಚಿದ. ದೊರೆ ತಲೆಯಾಡಿಸಿದ.

"ನೇಗಿಲು ನೀನು ಹಿಡಿ ಗೌಡ. ನಾನು ಹಿಂದೆ ಬರುತ್ತೇನೆ."

"ಹಿಂದೆಯೇ? ದೊರೆಗಳು ಹಿಂದೆ ನಡೆಯೋದು ಉಂಟೇ ಬುದ್ಧಿ?"

"ಈ ವರ್ಷ ಉಂಟು."

ನೇಗಿಲು ಹೊರಟಿತು. ದೊರೆ ಮಡಿಲಿಗೆ ಕೈ ಹಾಕಿ ಹಿಡಿ ತುಂಬ ಬೀಜ ತೆಗೆದ. ಬಿಡಲು ಮನಸ್ಸು ಬಾರದೆ ಬಿಗಿಹಿಡಿದು, ಕೊನೆಗೆ ಎಲ್ಲವನ್ನೂ ಒಂದೇ ಕಡೆ ಬಿಟ್ಟ. ಬದುವಿನ ಮೇಲಿಂದ ಸಣ್ಣೀರವ್ವ ಕೂಗಿದಳು.

"ಬೆರಳು ಸಡಿಲ ಮಾಡಿ ಬುದ್ಧಿ! ಗುಪ್ಪೆ ಹಾಕಿದರೆ ಒಂದನ್ನೊಂದು ನುಂಗ್ತವೆ. ಒಂದೊಂದೇ ಹೋಗಲಿ, ಒಂದಕ್ಕೊಂದು ಗೇಣು ದೂರ ಇರಲಿ."

ದೊರೆ ಬಗ್ಗಿ ಗುಪ್ಪೆಯನ್ನು ಬಿಡಿಸಿ ಮತ್ತೆ ಎತ್ತಿಕೊಂಡ. ಅಷ್ಟರಲ್ಲಿ ಎತ್ತು ಮುಂದೆ ಹೋಗಿತ್ತು. ದೊರೆ ತಲೆಯೆತ್ತಿ ಕೂಗಿದ:

"ಮೆಲ್ಲಗೆ ಗೌಡ! ನಿನ್ನ ಎತ್ತು ಓಡಿಹೋಗ್ತವೆ, ನನ್ನ ಬೀಜ ಹಿಂದೆ ಉಳೀತವೆ."

ಕೂಗಿದ ಮೇಲೆ ಆ ಮಾತು ಯಾರದು ಅಂತ ಅವನಿಗೆ ಹೊಳೆಯಿತು. ಸಾಲಿನ ನಡುವೆಯೇ ಕುಕ್ಕರಿಸಿ ಕೂತು ಅತ್ತನಂತೆ. ಮಗಳು ಹೋದ ಮೇಲೆ ಹೊರಗೆ ಬಂದು ಅವನು ಅತ್ತದ್ದು ಅದೇ ಮೊದಲು. ಗೌಡ ಎತ್ತು ನಿಲ್ಲಿಸಿ ಬೇರೆ ಕಡೆ ನೋಡುತ್ತ ನಿಂತ. ಸ್ವಲ್ಪ ಹೊತ್ತಾದ ಮೇಲೆ ದೊರೆ ಎದ್ದ. ಒಂದೊಂದೇ ಕಾಳು ಬಿಡುತ್ತ ಸಾಲು ಮುಗಿಸಿದ. ಕೊನೆಯ ಕಾಳಿನ ಜೊತೆ ಕೆಮ್ಮಣ್ಣಿನ ಚೂರುಗಳನ್ನೂ ಸಾಲಿಗೆ ಬಿಟ್ಟು ಪಾದದಿಂದ ಮಣ್ಣು ಎಳೆದ.

ಅದನ್ನು ನೋಡಿ ಬದುವಿನ ಮೇಲಿದ್ದ ಒಬ್ಬ ಹೆಂಗಸು ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿ ಹುರುಳಿ ಇತ್ತು. ಇನ್ನೊಬ್ಬ ಮನೆಗೆ ಓಡಿ ಸೂರಿನ ಸಂದಿಯಿಂದ ಹುರುಳಿ ತುಂಬಿದ ಒಂದು ಸೋರೆ ಬುರುಡೆ ತಂದ. ಕೊನೆಗೆ ಇರಲಿ ಅಂತ ಒಬ್ಬರಿಗೊಬ್ಬರು ಹೇಳದೆ ಬಚ್ಚಿಟ್ಟಿದ್ದೆಲ್ಲ ಹೊರಗೆ ಬಂತು. ಏಳು ಹಳ್ಳಿಯಲ್ಲೂ ನೇಗಿಲು ಹೊರಟವು. ಹುಬ್ಬೆ ಕೊಪ್ಪೆ ಕೊಡವಿ ಸುರಿದಳು. ಉತ್ತರೆ ಬಂದು ಒಂದು ಸಲ ನೋಡಿ, ತನ್ನ ಪಾಲನ್ನೂ ಕೊಟ್ಟು ಹೋದಳು.

ಚಳಿಗಾಲದಲ್ಲಿ ಕಾಯಿ ಬೆಳ್ಳಗೆ ಒಣಗಿದವು. ಬಿಸಿಲು ಹತ್ತಿದರೆ ಹುರುಳಿಕಾಯಿ ಸಿಡಿದು ಕಾಳು ನೆಲಕ್ಕೆ ಬೀಳುತ್ತದೆ. ಅದಕ್ಕೆ ಇಬ್ಬನಿ ಆರುವ ಮುಂಚೆಯೇ ಎಲ್ಲರೂ ಹೊಲಕ್ಕೆ ಇಳಿದು ಗಿಡವನ್ನು ಬೇರು ಸಮೇತ ಕಿತ್ತರು. ದೊರೆಯೂ ಕಿತ್ತ, ಮೊಣಕಾಲವರೆಗೂ ಒದ್ದೆಯಾಗಿದ್ದ. ಆ ವರ್ಷ ಹುರುಳಿ ಸಾರು, ಹುರುಳಿ ಉಸಲಿ, ಹುರುಳಿ ರೊಟ್ಟಿ. ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ, ಹಸಿವಿನಿಂದ ಯಾರೂ ಸಾಯಲೂ ಇಲ್ಲ. ಮಿಕ್ಕದ್ದನ್ನು ಆಚೆ ಸೀಮೆಯವರಿಗೆ ಕೊಟ್ಟು ಬಿತ್ತನೆ ಎಳ್ಳು, ಜೋಳ, ರಾಗಿ ತಂದರು.

ಕಣದಲ್ಲಿ ದೊರೆ ಏಳು ಹಳ್ಳಿಯವರನ್ನೂ ಕರೆದು ಹೇಳಿದನಂತೆ: "ಇನ್ನು ಮೇಲೆ ಹೊನ್ನಾರಿಗೆ ನನ್ನನ್ನು ಕಾಯಬೇಡಿ. ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯ ಹೊಲಕ್ಕೆ ಊರವರೆಲ್ಲ ಸೇರಿ ಮೊದಲು ನೇಗಿಲು ಹೂಡಿ. ಆ ಮನೆಯವರು ಎಷ್ಟು ದಿನ ಬೇಕಾದರೂ ಅಳಲಿ. ಹೊಲ ಮಾತ್ರ ಕಾಯುವುದು ಬೇಡ."

ಆಮೇಲೆ ಮಗಳ ಕುಡಿಕೆಗೆ ಬೂದಿ ಬೆರೆಸಿದ ಹೊಸ ಹುರುಳಿ ತುಂಬಿ, ಕೆಮ್ಮಣ್ಣು ಮೆತ್ತಿದ. ಅದರ ಮೇಲೆ ಅವನ ದಪ್ಪ ಬೆರಳುಗಳ ಗುರುತು ಮೂಡಿತು.

ಮತ್ತೆ ಯುಗಾದಿ ಕಳೆಯಿತು. ಒಂದು ಸಂಜೆ ಗುಡುಗಿತು. ಕೂದಲ ತುಂಬ ಧೂಳಿದ್ದ ಹುಡುಗಿ ಕಿಟಕಿಯ ಹೊರಗೆ ನಿಂತಿದ್ದಳು.

"ದೊರೆಯೇ, ದೊರೆಯೇ, ನಾನು ಭರಣಿ. ನಿನ್ನ ಸಂಕಟ ಮುಗಿಯಿತೇ?"

"ಇಲ್ಲ ತಾಯಿ," ಅಂದ ದೊರೆ. "ಎಳ್ಳು ಹೊಲದಲ್ಲಿದೆ."

ಭರಣಿ ಹೊಲದ ಕಡೆ ನಡೆದಳಂತೆ. ಆ ಸೀಮೆಯಲ್ಲಿ ಸಾವಿನ ಮನೆಯ ಹೊಲ ಇವತ್ತಿಗೂ ಮೊದಲು ಹಸಿರಾಗುತ್ತದಂತೆ. ಬಿತ್ತಿದ ಹುರುಳಿ ಅವರ ಕಣಕ್ಕೆ ಹೋಯಿತು, ಕೇಳಿದ ಕಥೆ ನಮ್ಮ ಮಡಿಲಿಗೆ ಬಂತು.