ಕಾವಲುಗಾರನಿಗೆ ಯಾವ ಹಾಸಿಗೆ?

“ಕಂಚೀಕೋಟೆಯ ಪ್ರಜೆಗಳೆಲ್ಲ ಕೇಳಿ! ದೊರೆ ದೇಪರಾಜರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ, ಅವರು ಎಷ್ಟೇ ದೊಡ್ಡವರಾಗಿರಲಿ, ಶನಿವಾರ ತಲೆ ಹೋಗುತ್ತದೆ.”

ಇಷ್ಟು ಡಂಗುರ ಸಾರಿಸುವುದಕ್ಕೆ ಕಾರಣ ಒಂದು ಕಾರು. ದೊರೆಯ ಒಬ್ಬಳೇ ಮಗಳು ಪುಟ್ಟಾಜಮ್ಮಣ್ಣಿ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿ, ಮೂರು ವರ್ಷ ಕೈ ಕಪ್ಪು ಮಾಡಿಕೊಂಡು, ತಾನೇ ಜೋಡಿಸಿದ ಕಾರು ಅದು. ಕಾರು ಸಿದ್ಧವಾಗಿತ್ತು, ಅಂಗಳ ದಾಟಲು ಅಪ್ಪಣೆ ಮಾತ್ರ ಇರಲಿಲ್ಲ. ದೊರೆಯ ತಮ್ಮ ಹಿಂದೆ ಘಾಟಿಯಲ್ಲಿ ಕಾರು ಮಗುಚಿ, ಪೆಟ್ರೋಲಿಗೆ ಬೆಂಕಿ ಹತ್ತಿ ತೀರಿಕೊಂಡಿದ್ದ. ಅದು ಯಾಕಾಯಿತೆಂದು ಬಲ್ಲವನೊಬ್ಬ ಸಿಕ್ಕಿ ಕಾರನ್ನು ನೋಡಿ ಸೈ ಅನ್ನುವವರೆಗೆ ಮಗಳನ್ನು ಬಿಡುವುದಿಲ್ಲ ಎಂದು ದೊರೆ ಹಟ ಹಿಡಿದಿದ್ದರು. ಅಂಥವನನ್ನು ಹುಡುಕಲೆಂದೇ ಈ ಒಗಟು. ಹೆಣ್ಣುಮಗುವಿನ ತಂದೆ, ಅದರಲ್ಲೂ ಸುಟ್ಟ ಕೈ. ಹಟವನ್ನು ತಪ್ಪೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮೊದಲು ಬಂದವನು ಪಕ್ಕದ ರಾಜ್ಯದ ಯುವರಾಜ. ದೊರೆ ಕೇಳಿದರು: “ಯಜಮಾನ ಬಿದ್ದರೂ, ಮನೆಗೆ ಬೆಂಕಿ ಬಿದ್ದರೂ, ಬಡಿಸುವುದನ್ನು ನಿಲ್ಲಿಸದ ಸೇವಕ ಯಾರು?” ಯುವರಾಜ ಮೀಸೆ ತಿರುವಿ, ಹೋಮಕುಂಡಕ್ಕೆ ತುಪ್ಪ ಸುರಿಯುವ ಪುರೋಹಿತ ಅಂದ. ಮೀಸೆಯ ಸಮೇತ ಸೆರೆಮನೆಗೆ ನಡೆದ. ಆಸ್ಥಾನ ಪಂಡಿತರು ಹೇಗೋ ಮೊದಲನೆಯದನ್ನು ದಾಟಿದರು. ಎರಡನೆಯದು ಹೀಗಿತ್ತು: “ದಾರಿಯ ಗುಂಡಿಗೆಲ್ಲ ಏಳದ ಕಾವಲುಗಾರ, ಗೋಡೆಗೆ ಗುದ್ದಿದರೆ ಮಾತ್ರ ಏಳುತ್ತಾನೆ. ಎದ್ದೊಡನೆ ಅಡುಗೆಮನೆಯ ಬಾಗಿಲು ಹಾಕುತ್ತಾನೆ. ಯಾರವನು?” ಪಂಡಿತರು ಬಹಳ ಯೋಚಿಸಿ ನಿದ್ದೆಗಣ್ಣಿನ ಡ್ರೈವರ್ ಅಂದರು. ಅವರೂ ಸೆರೆ ಸೇರಿದರು. ಮೂರನೆಯ ಒಗಟಿನವರೆಗೆ ಯಾರೂ ಹೋಗಲೇ ಇಲ್ಲ.

ಶುಕ್ರವಾರ ಮುದ್ದಯ್ಯ ಬಂದ. ಪೇಟೆಬೀದಿಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟವ್ ರಿಪೇರಿ ಮಾಡುವವನು, ಮೈಯೆಲ್ಲ ಎಣ್ಣೆ ವಾಸನೆ. ಬಾಗಿಲ ಭಟನೇ ಎರಡು ಮಾರು ದೂರ ಸರಿದ.

ಮೊದಲ ಒಗಟಿಗೆ ಅವನು ತಡಮಾಡಲಿಲ್ಲ. “ಕಾರಿನೊಳ್ಗಿರೋ ಪೆಟ್ರೋಲ್ ಪಂಪು, ಬುದ್ಧಿ. ಸ್ಟವ್ ಭಗ್ ಅಂದಾಗ ಹೆಂಗಸ್ರು ಊದಕ್ಕೋಗಲ್ಲ, ಮೊದ್ಲು ತಿರುಪು ಸಡ್ಲಿಸಿ ಗಾಳಿ ಬಿಡ್ತಾರೆ. ಕಾರಿನ ಪಂಪಿಗೆ ಅಂಥ ಕೈ ಇಲ್ಲ. ಕರೆಂಟ್ ಇರೋಗಂಟ ಸುರೀತಾನೇ ಇರ್ತದೆ. ನಿಮ್ ತಮ್ಮ ಚಿಕ್ಕ ಬುದ್ಧಿಯೋರಿಗೂ ಹಂಗೇ ಆಗಿರ್ಬೇಕು.”

ದೊರೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಎರಡನೆಯದಕ್ಕೆ ಮುದ್ದಯ್ಯ ಕಾರನ್ನು ಒಂದು ಸಲ ನೋಡಬಹುದೇ ಎಂದ. ಇಷ್ಟು ದಿನ ಬಂದ ಬುದ್ಧಿವಂತರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಡ್ರೈವರ್ ಸೀಟಿನ ಪಕ್ಕ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ಒಂದು ಸ್ವಿಚ್ಚು. ಪಂಪಿಗೆ ಹೋಗುವ ತಂತಿ ಅದರೊಳಗಿಂದಲೇ ಹಾಯುತ್ತಿತ್ತು. ಮುದ್ದಯ್ಯ ಪಂಪಿಗೆ ಕರೆಂಟ್ ಕೊಡಿಸಿ, ಸ್ವಿಚ್ಚನ್ನು ಕೈಗೆ ತೆಗೆದುಕೊಂಡು ಅಂಗೈಗೆ ಬಲವಾಗಿ ಬಡಿದ. ಟಿಕ್ ಟಿಕ್ ಎನ್ನುತ್ತಿದ್ದ ಪಂಪು ನಿಂತಿತು. ಒಳಗೆ ಉಕ್ಕಿನ ಗುಂಡೊಂದನ್ನು ಅಯಸ್ಕಾಂತ ಹಿಡಿದು ಕೂರಿಸಿದೆ, ಜೋರು ಏಟಿಗೆ ಗುಂಡು ಎದ್ದು ಕರೆಂಟ್ ಕಡಿಯುತ್ತದೆ, ಆ ಗುಂಡೇ ಕಾವಲುಗಾರ ಎಂದು ವಿವರಿಸಿ, ಮೇಲಿನ ಗುಂಡಿ ಒತ್ತಿ ಪಂಪನ್ನು ಮತ್ತೆ ಹೊರಡಿಸಿದ. ರಾಜಕುಮಾರಿ ನಕ್ಕಳು. ಜೋಡಿಸಿದ ದಿನ ಅವಳೂ ಹಾಗೇ ಬಡಿದು ನೋಡಿದ್ದಳು.

“ಮೂರನೆಯದು,” ಎಂದರು ದೊರೆ. “ಅಂಥ ಕಾವಲುಗಾರನಿಗೆ ತಕ್ಕ ಹಾಸಿಗೆ ಯಾವುದು?”

ಮುದ್ದಯ್ಯ ಕಾರಿನೊಳಕ್ಕೆ ಬಗ್ಗಿ ನೋಡಿದ. ಸ್ವಿಚ್ಚು ಕೂತಿದ್ದ ಜಾಗದಲ್ಲಿ ಅಂಗೈ ದಪ್ಪದ ಮಖಮಲ್ಲಿನ ದಿಂಬಿತ್ತು. ಕಂಚೀಕೋಟೆಯ ಅರಮನೆಯಲ್ಲಿ ಬೆಲೆಯುಳ್ಳ ಏನನ್ನೂ ಬರಿನೆಲದ ಮೇಲೆ ಇಡುವ ಪದ್ಧತಿಯಿಲ್ಲ. ಕತ್ತಿಗೂ ದಿಂಬು, ಗಡಿಯಾರಕ್ಕೂ ದಿಂಬು. ಮಗಳ ಜೀವ ಕಾಯುವ ಸ್ವಿಚ್ಚಿಗೆ ದೊರೆ ತಾವೇ ಕೂತು ಹೊಲಿಸಿದ್ದರು. ಮಖಮಲ್ಲು ಎಂದರೆ ತಲೆ ಉಳಿಯುತ್ತದೆ, ಇದು ಮುದ್ದಯ್ಯನಿಗೆ ಗೊತ್ತು. ಹಾಗೆಂದರೆ ಈ ಹುಡುಗಿ ಸುಟ್ಟುಹೋಗಬಹುದು, ಇದೂ ಗೊತ್ತು.

“ಹಾಸ್ಗೆನೇ ಬೇಡ, ಬುದ್ಧಿ,” ಎಂದ. “ಕಾರಿನ ಬರೀ ಕಬ್ಬಿಣಕ್ಕೆ ನೆಟ್ಟಗೆ ನಿಲ್ಸಿ ಬೋಲ್ಟ್ ಬಿಗೀಬೇಕು. ಮೆತ್ತಗೆ ಮಲಗ್ದೋನಿಗೆ ಏಟು ತಿಳಿಯಲ್ಲ.”

ತಪ್ಪು, ಎಂದರು ದೊರೆ. ಭಟರು ಮುದ್ದಯ್ಯನ ರಟ್ಟೆ ಹಿಡಿದರು.

ರಾಜಕುಮಾರಿ ಅಡ್ಡ ಬಂದಳು. “ಅಪ್ಪಾಜಿ, ದಿಂಬು ಬೇಡ ಅಂತ ನನಗೂ ಅನ್ನಿಸಿತ್ತು. ನಿಮ್ಮ ಮನಸ್ಸು ನೋಯುತ್ತೆ ಅಂತ ಸುಮ್ಮನಿದ್ದೆ. ಒಂದು ಸಲ ಗುದ್ದಿಸಿ ನೋಡೋಣ. ಕಾರಿನ ಮೂತಿ ನುಗ್ಗಾದರೆ ನಾನೇ ಸರಿಮಾಡ್ತೀನಿ.”

ಆನೆಲಾಯದ ಇಳಿಜಾರಿನ ಕೊನೆಗೆ ಮರಳುಚೀಲ ಪೇರಿಸಿದರು. ಕಾರಿನ ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಬಸಿದು, ದಿಂಬಿನ ಮೇಲೆ ಸ್ವಿಚ್ಚನ್ನಿಟ್ಟು, ಪಂಪು ಹೊರಡಿಸಿ, ಖಾಲಿ ಕಾರನ್ನು ತಳ್ಳಿಬಿಟ್ಟರು. ಢಬ್ಬೆಂದು ಗುದ್ದಿ ನಿಂತಿತು. ದೊರೆ ಓಡಿ ಹೋಗಿ ಕಿವಿಗೊಟ್ಟರು. ಟಿಕ್ ಟಿಕ್, ಟಿಕ್ ಟಿಕ್. ಸೇವಕ ಬಡಿಸುತ್ತಲೇ ಇದ್ದ. ಕಾರನ್ನು ಮತ್ತೆ ಮೇಲೆಳೆದು, ದಿಂಬು ಕಿತ್ತು, ಸ್ವಿಚ್ಚನ್ನು ಕಬ್ಬಿಣಕ್ಕೆ ಬಿಗಿದು ಬಿಟ್ಟರು. ಅದೇ ಇಳಿಜಾರು, ಅದೇ ಚೀಲ, ಅದೇ ಗುದ್ದು. ದೊರೆ ಕಿವಿಯಿಟ್ಟು ತುಂಬ ಹೊತ್ತು ಕೂತರು. ಏನೂ ಕೇಳಿಸಲಿಲ್ಲ.

ಮಂತ್ರಿ ಕೆಮ್ಮಿದರು. ಡಂಗುರದ ಪ್ರಕಾರ ಉತ್ತರ ತಪ್ಪಿದವರ ತಲೆ ಹೋಗಬೇಕು, ಈಗ ತಪ್ಪಿದ್ದು ಪ್ರಭುಗಳದೇ ಎಂದು ನೆಲ ನೋಡುತ್ತ ಹೇಳಿದರು. ದೊರೆ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡು, ಏನು ಬೇಕೋ ಕೇಳಪ್ಪ ಎಂದರು.

“ತಲೆಗಳ್ನ ಕೊಡಿ ಬುದ್ಧಿ, ಎಲ್ಲಾರ್ದೂ,” ಎಂದ ಮುದ್ದಯ್ಯ. “ಅವರವರ ಮೈಮೇಲೇ ಇರ್ಲಿ.”

ಯುವರಾಜ ಮೀಸೆಯೊಂದಿಗೆ ಊರು ಸೇರಿದ. ಪಂಡಿತರು ಮನೆಗೆ ಹೋಗಿ ಎರಡು ದಿನ ನಿದ್ದೆ ಮಾಡಿದರು. ದೊರೆ ಅರ್ಧ ರಾಜ್ಯವನ್ನೂ ಮಗಳನ್ನೂ ಕೊಡಲು ಹೊರಟರು. ರಾಜ್ಯದ ಮಾತು ಅಪ್ಪಾಜಿಗೆ ಸೇರಿದ್ದು, ತನ್ನ ಮಾತು ತನಗೆ ಸೇರಿದ್ದು, ಮೊದಲು ಇವರು ಬೆಸುಗೆ ಹಾಕುವುದನ್ನು ಕಲಿಸಲಿ, ಆಮೇಲೆ ನೋಡೋಣ ಎಂದಳು ಪುಟ್ಟಾಜಮ್ಮಣ್ಣಿ. ಮುದ್ದಯ್ಯನ ಕಿವಿ ಕೆಂಪಾಯಿತು.

ಅವಳು ಮೂತಿ ತಟ್ಟಿ ನೆಟ್ಟಗೆ ಮಾಡಿ, ಪೆಟ್ರೋಲ್ ತುಂಬಿ, ಕಾರು ಹತ್ತಿ ಕೂತಳು. ದೊರೆಯ ಕೈ ಬಾಗಿಲನ್ನು ಬಿಡಲೊಲ್ಲದು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು.

“ಹೋಗಿ ಬಾ, ಮಗಳೇ,” ಎಂದರು.

ಹೋದಳು, ಘಾಟಿಯನ್ನೂ ದಾಟಿದಳು, ಊಟದ ಹೊತ್ತಿಗೆ ಬಂದಳು. ಅಲ್ಲಿಯವರೆಗೆ ದೊರೆ ಕೋಟೆಬಾಗಿಲಲ್ಲಿ ಬರಿಗಲ್ಲಿನ ಮೇಲೆ ಕೂತಿದ್ದರು.