ಓದಲು ಬಾರದ ಬರೆಗಾರ

"ಬುದ್ಧೀ, ನಮ್ಮ ಮಠದ ಪ್ರಿಂಟರ್ ಹೊಸದು. ಆದರೂ ಕಂಪ್ಯೂಟರ್ ನಿಂತರೆ ಅರ್ಧ ಹಾಳೆಗೆ ಅದೂ ನಿಂತುಬಿಡುತ್ತದೆ. ತನ್ನ ಪಾಡಿಗೆ ತಾನು ಮುಗಿಸಬಾರದೆ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

"ಅಗ್ಗದ್ದೇ ಬೇಕೆಂದು ಹಟ ಹಿಡಿದವನು ನೀನೇ ಅಲ್ಲವೇನಯ್ಯ!" ಎಂದು ಗುರುಗಳು ನಕ್ಕರು. "ದುಬಾರಿಯದು ಇಡೀ ಪುಟವನ್ನು ತಾನೇ ಗ್ರಹಿಸಿ, ನೆನಪಿನಲ್ಲಿಟ್ಟುಕೊಂಡು ಅಚ್ಚು ಹಾಕುತ್ತದೆ. ಇದರಲ್ಲಿ ಆ ತಲೆಯನ್ನೇ ಇಟ್ಟಿಲ್ಲ, ಅದಕ್ಕೇ ಅಗ್ಗ. ಯಾವ ಚುಕ್ಕೆ ಎಲ್ಲಿ ಬೀಳಬೇಕೆಂದು ಕಂಪ್ಯೂಟರೇ ಹೇಳಿಕೊಡಬೇಕು. ಕೂತುಕೋ, ಒಂದು ಕತೆ ಕೇಳು."

ಒಬ್ಬ ವೈದ್ಯನಿದ್ದ. ವಯಸ್ಸಾಗಿ ಅವನ ಕೈ ನಡುಗುತ್ತಿತ್ತು. ಮದ್ದಿನ ಚೀಟಿ ಬರೆಯಲು ಅಗ್ಗಕ್ಕೆ ಸಿಕ್ಕ ಒಬ್ಬ ಬರೆಗಾರನನ್ನು ಇಟ್ಟುಕೊಂಡ. ಆ ಬರೆಗಾರನಿಗೆ ಒಂದಕ್ಷರವೂ ಓದಲು ಬಾರದು. ಆದರೆ ಗೆರೆ ಎಳೆದನೆಂದರೆ ಮುತ್ತು ಪೋಣಿಸಿದ ಹಾಗೆ. "ಸೊನ್ನೆ ಹಾಕು. ಮೇಲೆ ತಲೆಕಟ್ಟು. ಪಕ್ಕದಲ್ಲಿ ಕೊಂಬು" ಎಂದು ವೈದ್ಯ ಹೇಳುವನು, ಇವನು ಎಳೆಯುವನು. ಒಮ್ಮೆ, "ಇದು ಯಾವ ಅಕ್ಷರ ಸ್ವಾಮಿ?" ಎಂದು ಕೇಳಿದ. "ನಿನಗೇಕಯ್ಯ ಆ ಉಸಾಬರಿ? ಹೇಳಿದ್ದು ಎಳೆ" ಎಂದ ವೈದ್ಯ. ತಲೆನೋವು ತಪ್ಪಿತೆಂದು ಇವನೂ ಮತ್ತೆ ಕೇಳಲಿಲ್ಲ. ಹತ್ತು ವರ್ಷ ಹೀಗೇ ಕಳೆಯಿತು. ಚೀಟಿಗಳ ನಕಲುಗಳು ಕಪಾಟಿನಲ್ಲಿ ಕಟ್ಟುಕಟ್ಟಾಗಿ ತುಂಬಿದವು.

ಒಂದು ಮಧ್ಯಾಹ್ನ ಬರೆಗಾರನ ಹೆಂಡತಿ ಯಾವುದೋ ಕಾಡುಗೆಡ್ಡೆ ಬೇಯಿಸಿ ತಿಂದಳು. ಬಾಯಲ್ಲಿ ನೊರೆ ಬಂತು. ಅವನು ಎದ್ದೆನೋ ಬಿದ್ದೆನೋ ಎಂದು ಓಡಿಬಂದ. "ಹೆದರಬೇಡ, ಇದಕ್ಕೆ ಮದ್ದುಂಟು. ಹಿಂದೆ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಬರೆ" ಎಂದ ವೈದ್ಯ. ವಿಷ ಇಳಿಸುವ ಮದ್ದೂ ವಿಷವೇ. ಚೀಟಿಯಿಲ್ಲದೆ ಅಂಗಡಿಯವನು ಕೊಡುವಂತಿರಲಿಲ್ಲ.

"ಸೊನ್ನೆ ಹಾಕು. ಮೇಲೆ..."

ಅಷ್ಟರಲ್ಲಿ ವೈದ್ಯನ ಬಾಯಿ ಸೊಟ್ಟಗಾಯಿತು, ನಾಲಿಗೆ ಬಿದ್ದುಹೋಯಿತು. ಲಕ್ವ ಹೊಡೆದು, ಕೂತಲ್ಲೇ ಪ್ರಜ್ಞೆ ತಪ್ಪಿ ಒರಗಿದ.

"ಮೇಲೇನು ಸ್ವಾಮಿ? ಮೇಲೇನು?" ಎಂದು ಬರೆಗಾರ ಅವನ ಭುಜ ಹಿಡಿದು ಅಲ್ಲಾಡಿಸಿದ. ಕಪಾಟು ತೆರೆದ, ಕಟ್ಟುಗಳನ್ನು ಬಿಚ್ಚಿದ. ಎಲ್ಲವೂ ಅವನದೇ ಕೈಬರಹ, ಒಂದೂ ಗುರುತು ಸಿಗಲಿಲ್ಲ. ಇದರಲ್ಲಿ ಒಂದು ಚೀಟಿ ಅವಳನ್ನು ಬದುಕಿಸುತ್ತದೆ, ಇನ್ನೊಂದು ಕೊಂದೇಬಿಡಬಹುದು. ಸಿಕ್ಕಷ್ಟನ್ನು ಬಾಚಿಕೊಂಡು ಅಂಗಡಿಗೆ ಓಡಿದ.

ಅಂಗಡಿಯವನು ಒಂದೊಂದಾಗಿ ತಿರುವಿ ನೋಡಿದ. "ಮದ್ದಿನ ಹೆಸರು ಓದುತ್ತೇನಪ್ಪ. ಯಾವುದು ಯಾವ ಕಾಯಿಲೆಗೆಂದು ಇದರಲ್ಲಿ ಇಲ್ಲವಲ್ಲ. ಬರೆದವನು ನೀನು, ನೀನೇ ಹೇಳು" ಎಂದ.

ಹೊತ್ತು ಮುಳುಗುವ ಮೊದಲೇ ಬರೆಗಾರನ ಹೆಂಡತಿ ತೀರಿಕೊಂಡಳು.

"ಅಯ್ಯೋ ಪಾಪ! ತಪ್ಪು ಬರೆಗಾರನದಲ್ಲ ಬುದ್ಧೀ, ಹೇಳಿಕೊಡದ ವೈದ್ಯನದು" ಎಂದ ಮರುಳಸಿದ್ಧ.

ಗುರುಗಳು ಅವನ ಬಗಲಲ್ಲಿದ್ದ ದಪ್ಪ ಪುಸ್ತಕವನ್ನು ನೋಡಿದರು. ಅದರ ತುಂಬ ಅವರು ಹೇಳಿದ, ಅವನು ಬರೆದುಕೊಂಡ ಮಾತುಗಳಿದ್ದವು.

"ಹನ್ನೆರಡು ವರ್ಷದಲ್ಲಿ ನೀನು ಒಮ್ಮೆಯಾದರೂ ಅರ್ಥ ಕೇಳಿದ್ದರೆ, ಮಗಾ, ನಾಳೆ ನನ್ನ ನಾಲಿಗೆ ಬಿದ್ದುಹೋಗುತ್ತದೆಂದು ನಾನು ಹೆದರುತ್ತಿರಲಿಲ್ಲ."